ನೊಣ ಬದುಕಿದರೆ ಪಾಸು

ಬೇರೆ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ನಗುವಂಥ ಸಂಗತಿ ನಡೆಯುತ್ತದಂತೆ. ನಮ್ಮಲ್ಲಿ ವಾರಕ್ಕೆರಡು ನಡೆಯುತ್ತಿದ್ದವು, ಅದೂ ನಾವು ಮುಖ ಗಂಟಿಕ್ಕಿಕೊಂಡು ಬಹಳ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದ ದಿನಗಳಲ್ಲೇ. ಕೆಲಸವಿಲ್ಲದವನನ್ನು ಕಂಡರೆ ಜನ ‘ನೊಣ ಹೊಡೆಯುತ್ತ ಕೂತಿದ್ದಾನೆ’ ಎನ್ನುತ್ತಾರೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದೇ ನೊಣ ಸಾಕಲು.

ಎಪ್ಪತ್ತರ ದಶಕದ ಕೊನೆಯ ಮಾತು. ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ, ಒಂದು ಬಾಡಿಗೆ ಮನೆಯೊಳಗೆ ನಮ್ಮ ಪುಟ್ಟ ಪ್ರಯೋಗಾಲಯವಿತ್ತು. ಈಗ ಅದೂ ಇಲ್ಲ, ಆ ಮನೆಯೂ ಇಲ್ಲ. ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಯಿಂದ ಅವಲಕ್ಕಿ, ಖಾರಪುಡಿ, ಶೇಂಗಾ ಎಣ್ಣೆ, ಉಪ್ಪಿನಕಾಯಿ ಬರುತ್ತಿದ್ದವು. ಅವುಗಳಲ್ಲಿ ಹುಳು ಕೊಲ್ಲುವ ಔಷಧಿ ಏನಾದರೂ ಉಳಿದುಕೊಂಡಿದೆಯೇ ಎಂದು ನೋಡುವುದು ನಮ್ಮ ಕೆಲಸ. ಕಾಲುವೆ ನೀರು ಬಂದ ಮೇಲೆ ಭತ್ತ ಹೆಚ್ಚಾಗಿತ್ತು, ಭತ್ತದ ಜೊತೆ ಔಷಧಿಯೂ ಹೆಚ್ಚಾಗಿತ್ತು. ಕೆಲವು ಗೋದಾಮುಗಳಲ್ಲಿ ಬಿಎಚ್‌ಸಿ ಎಂಬ ಹುಳು ಕೊಲ್ಲುವ ಪುಡಿಯನ್ನು ಚೀಲದ ಮೇಲೆ ಕೈಯಿಂದಲೇ ಎರಚುತ್ತಿದ್ದರು.

ದೊಡ್ಡ ಊರುಗಳಲ್ಲಿ ಇದನ್ನು ಪತ್ತೆ ಮಾಡಲು ಯಂತ್ರ ಬಂದಿತ್ತು. ನಮಗೂ ಬರುತ್ತದೆ ಎಂದು ಕಾಗದ ಬಂದಿತ್ತು, ಯಂತ್ರ ಬಂದಿರಲಿಲ್ಲ. ಹೀಗಾಗಿ ನೊಣವೇ ನಮ್ಮ ಯಂತ್ರ. ತಿನಿಸನ್ನು ಅರೆದು, ದ್ರಾವಕದಲ್ಲಿ ಅಲುಗಿಸಿ ಸೋಸಿ, ಆ ಸಾರವನ್ನು ಗಾಜಿನ ಭರಣಿಯಲ್ಲಿ ಹಾಕಿ ತಿರುಗಿಸುತ್ತಿದ್ದೆವು. ದ್ರಾವಕ ಆರಿಹೋಗುತ್ತಿತ್ತು, ಔಷಧಿ ಇದ್ದರೆ ಗಾಜಿಗೆ ಅಂಟಿಕೊಳ್ಳುತ್ತಿತ್ತು. ಅದರೊಳಗೆ ಇಪ್ಪತ್ತು ನೊಣ ಬಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ಮರುದಿನ ಎಣಿಸಬೇಕು. ನೊಣ ಸತ್ತರೆ ತಿನಿಸು ನಪಾಸು, ಬದುಕಿದರೆ ಪಾಸು. ಪಕ್ಕದಲ್ಲಿ ತಿನಿಸಿನ ಸಾರ ಹಾಕದ ಇನ್ನೊಂದು ಭರಣಿ ಇರುತ್ತಿತ್ತು. ಅದರ ಹೆಸರು ಕಂಟ್ರೋಲ್. ಅದರೊಳಗಿನ ನೊಣ ಮಾತ್ರ ಏನೇ ಆದರೂ ಸಾಯಬಾರದು.

ಕಚೇರಿಯಲ್ಲಿ ನಾವು ಮೂವರು. ಮೈಸೂರು ಕಡೆಯಿಂದ ಬಂದ ಸಾಹೇಬರು, ಹೆಗಲ ಮೇಲೆ ಸದಾ ಟವೆಲ್ಲು ಹಾಕಿಕೊಂಡಿರುತ್ತಿದ್ದ ಜವಾನ ಅಜ್ಜ, ಮತ್ತು ಯಲಬುರ್ಗಾದಿಂದ ಬಂದ ನಾನು.

೧. ಹಾಲಿನ ಪರೀಕ್ಷೆ

ನೊಣ ಸಾಕುವುದೆಂದರೆ ತಮಾಷೆಯಲ್ಲ. ಮರಿಗಳಿಗೆ ಗೋಧಿ ತೌಡು ಬೇಕು, ದೊಡ್ಡವಕ್ಕೆ ಹಾಲು, ಸಕ್ಕರೆ ಬೇಕು. ಸಕ್ಕರೆಗಾಗಿ ಜನ ರೇಷನ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದ ಕಾಲ ಅದು. ನಮ್ಮವ್ವ ಒಮ್ಮೆ ಊರಿಂದ ನನ್ನ ಕೆಲಸ ನೋಡಲು ಬಂದವಳು ನೊಣದ ಪಂಜರದ ಮುಂದೆ ಬಗ್ಗಿ ನೋಡಿದಳು. “ಬಿ.ಎಸ್ಸಿ. ಓದಿಸಿದ್ದು ಇದಕ್ಕೇನಪಾ? ನಮ್ಮ ಹಿತ್ತಲದಾಗ ಇದಕ್ಕಿಂತ ದೊಡ್ಡವು ಅದಾವು, ಒಂದಕ್ಕೂ ನಾ ಹಾಲು ಹಾಕಿಲ್ಲ” ಎಂದಳು.

ಶ್ರೀರಾಮನಗರದ ಕಡೆಯಿಂದ ಒಬ್ಬ ಹೆಂಗಸು ದಿನಾ ನಮಗೆ ಹಾಲು ತರುತ್ತಿದ್ದಳು. ಒಂದು ಪಾಲು ನಮ್ಮ ಚಹಾಕ್ಕೆ, ಇನ್ನೊಂದು ನೊಣಕ್ಕೆ. ಒಂದು ವಾರ ನೊಣಗಳು ಪಂಜರದ ಮೂಲೆ ಹಿಡಿದು ಮಂಕಾಗಿ ಕೂತವು. ಸಾಹೇಬರು ತೌಡು ನೋಡಿದರು, ಸಕ್ಕರೆ ನೋಡಿದರು, ಕೊನೆಗೆ ಹಾಲಿಗೆ ಮಾಪಕ ಇಳಿಬಿಟ್ಟರು. ನೀರೇ ಹೆಚ್ಚಿತ್ತು.

ಮರುದಿನ ಅವಳು ಬರುವುದನ್ನೇ ಕಾಯುತ್ತಿದ್ದ ಅಜ್ಜ ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡ. “ಏನವಾ, ಮನುಷ್ಯಾರ ಹಾಲಿಗೆ ನೀರು ಹಾಕಿದ್ರ ಹ್ಯಾಂಗೋ ನಡೀತೈತಿ. ಇವು ಸರಕಾರಿ ನೊಣ. ಇವಕ್ಕ ನೀರು ಕುಡಸ್ತಿ ಏನು?”

ಅವಳು ಸ್ವಲ್ಪವೂ ಹೆದರಲಿಲ್ಲ. ಪಂಜರದ ಕಡೆ ಮೆಚ್ಚುಗೆಯಿಂದ ನೋಡಿ ಹೇಳಿದಳು: “ನಿಮ್ಮ ನೊಣ ಭಾಳ ಶ್ಯಾಣ್ಯಾ ಅದಾವ್ರಿ ಯಜ್ಜಾ. ಇವಕ್ಕ ಈ ವಾರ ನೀರು ಹಾಕಿದ್ರ ಈ ವಾರನ ಹಿಡಿದುವು. ಆರು ತಿಂಗಳಾತು ನಿಮ್ಮ ಚಹಾಕ್ಕ ಇದ ಹಾಲು ಕೊಡಾಕ ಹತ್ತಿ, ನಿಮ್ಮ ಮೂವರೊಳಗ ಒಬ್ಬರಿಗರ ಗೊತ್ತಾತೇನು?”

೨. ಖಾಲಾ ಕೇಳಿದ ಪ್ರಶ್ನೆ

ಅದೇ ತಿಂಗಳು ಮಂಡಾಳು ಭಟ್ಟಿಯ ಖಾಲಾ ನಮ್ಮಲ್ಲಿಗೆ ಬಂದರು. ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಬೇರೆ ಕಡೆ ಮಂಡಕ್ಕಿ, ಚುರುಮುರಿ ಎನ್ನುವುದೇ ನಮ್ಮ ಕಡೆ ಮಂಡಾಳು. ಗಂಡ ತೀರಿದ ಮೇಲೆ ಖಾಲಾ ಮತ್ತು ಅವರ ತಂಗಿ ಇಬ್ಬರೇ ನಿಂತು ಭಟ್ಟಿ ನಡೆಸುತ್ತಿದ್ದರು. ಕಾದ ಮರಳಿನ ಮುಂದೆ ದಿನವೆಲ್ಲ ಬೆಂದು, ಗಂಗಾವತಿಯ ಅರ್ಧ ಊರಿಗೆ ಒಗ್ಗರಣೆಯ ಮಂಡಾಳನ್ನು ಅವರೇ ಒದಗಿಸುತ್ತಿದ್ದರು. ಮೂವರು ಹೆಂಗಸರು ಅಲ್ಲಿ ಕೂಲಿಗೂ ಬರುತ್ತಿದ್ದರು.

ಯಾರೋ ಒಬ್ಬ ಗಿರಾಕಿ, ಮಂಡಾಳಿನಲ್ಲಿ ಔಷಧಿ ಪುಡಿಯ ವಾಸನೆ ಬರುತ್ತದೆ ಎಂದು ದೂರು ಕೊಟ್ಟಿದ್ದ. ಆಹಾರ ಇನ್ಸ್‌ಪೆಕ್ಟರ್ ಬಂದು ಮಾದರಿ ತೆಗೆದುಕೊಂಡು, ಭಟ್ಟಿಗೆ ಬೀಗ ಜಡಿದು, ಬೀಗದ ಮೇಲೆ ಅರಗಿನ ಮುದ್ರೆ ಒತ್ತಿ ಹೋಗಿದ್ದರು. ಇನ್ಸ್‌ಪೆಕ್ಟರ್ ಕೆಟ್ಟವರಲ್ಲ. ನಿಯಮ ಓದಿ ಓದಿ ನಗುವುದನ್ನು ಮರೆತಿದ್ದರು, ಅಷ್ಟೇ. ನಮ್ಮ ರಿಪೋರ್ಟಿನಲ್ಲಿ ಪಾಸು ಎಂದು ಬಂದರೆ ಬೀಗ ತೆಗೆಯುವುದು, ನಪಾಸು ಎಂದು ಬಂದರೆ ಭಟ್ಟಿ ಕಾಯಂ ಬಂದ್. ಐದು ಹೆಂಗಸರ ಮನೆಯ ಒಲೆ ಆ ಬೀಗದ ಒಳಗಿತ್ತು.

“ಬೇಟಾ, ನನ್ನ ಮಂಡಾಳಿನ ಫೈಸಲಾ ಮಾಡೋ ಸಾಬ್ ಯಾರು?” ಎಂದು ಖಾಲಾ ನನ್ನನ್ನು ಕೇಳಿದರು.

ನಾನು ಪಂಜರದ ಕಡೆ ಕೈ ತೋರಿಸಿದೆ. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ಅವರ ಕಣ್ಣಲ್ಲಿ ನೀರು ಬಂತು. ನನಗೆ ನಾಚಿಕೆಯಾಯಿತು. ಸಾಹೇಬರೇ ಎದ್ದು ಬಂದು, ಅವರನ್ನು ಕುರ್ಚಿಯಲ್ಲಿ ಕೂರಿಸಿ, ಭರಣಿ, ಸಾರ, ನೊಣ ಎಲ್ಲವನ್ನೂ ಸಮಾಧಾನವಾಗಿ ತಿಳಿಸಿ ಹೇಳಿದರು. ಖಾಲಾ ಕಣ್ಣು ಒರೆಸಿಕೊಂಡು ಕೇಳಿದರು.

“ಒಂದು ಮಾತು ಸಾಬ್. ನೊಣ ವಯಸ್ಸಾಗಿ ತನ್ನಷ್ಟಕ್ಕ ತಾನ ಸತ್ರ?”

“ಅದಕ್ಕೇ ಕಂಟ್ರೋಲ್ ಭರಣಿ ಇರೋದಮ್ಮ. ಅದರಲ್ಲೂ ಸತ್ತರೆ ನಿಮ್ಮ ಮಂಡಾಳಿನ ತಪ್ಪಲ್ಲ ಅಂತ ತಿಳಿಯುತ್ತೆ.”

“ಹಂಗಾದ್ರ ಆ ಭರಣಿಗೆ ಹರೇದ ನೊಣ, ನನ್ನ ಭರಣಿಗೆ ಮುದಿ ನೊಣ ಹಾಕಬ್ಯಾಡ್ರಿ. ಎಲ್ಲಾ ಒಂದ ಉಮರಿನವು ಹಾಕ್ರಿ.”

ಸಾಹೇಬರು ನನ್ನ ಕಡೆ ತಿರುಗಿ, “ನಾಲ್ಕು ದಿನದ, ಒಂದೇ ವಯಸ್ಸಿನ ನೊಣ ಆಗಬೇಕು ಅಂತ ಪುಸ್ತಕದಲ್ಲಿದೆ. ನೀನು ಸೇರಿ ವರ್ಷವಾಯಿತಲ್ಲ, ಒಂದು ದಿನವಾದರೂ ಇದನ್ನು ಕೇಳಿದೆಯೇನಯ್ಯಾ? ಇವರು ಬಂದು ಕಾಲು ಗಂಟೆ ಆಗಿಲ್ಲ!” ಎಂದರು.

೩. ಕಂಡಕ್ಟರ್ ಕೊಟ್ಟ ರಿಪೋರ್ಟು

ಹೊಸ ನೊಣಗಳು ಅಂದೇ ಕೋಶ ಒಡೆದು ಹೊರಬಂದಿದ್ದವು. ಅವಕ್ಕೆ ನಾಲ್ಕು ದಿನ ತುಂಬುವವರೆಗೆ ಕಾಯಬೇಕಿತ್ತು. ಖಾಲಾ ದಿನಾ ಮಧ್ಯಾಹ್ನ ಬಂದು ನಮ್ಮ ಕಟ್ಟೆಯ ಮೇಲೆ ಕೂತು, “ಎಷ್ಟು ದಿನದ್ದು ಆದುವು ಬೇಟಾ? ಛಲೋ ತಿಂತಾವಿಲ್ಲೋ?” ಎಂದು ವಿಚಾರಿಸುತ್ತಿದ್ದರು. ಬಾಣಂತಿ ಮನೆಗೆ ಬಂದವರು ಕೇಳುವ ಧಾಟಿಯಲ್ಲೇ ಕೇಳುತ್ತಿದ್ದರು.

ಮೂರನೆಯ ದಿನ ಅವರು ಕೂತಿದ್ದಾಗಲೇ ಕುಷ್ಟಗಿ ಬಸ್ಸಿನ ಕಂಡಕ್ಟರ್ ಒಂದು ತಗಡಿನ ಡಬ್ಬಿ ಹಿಡಿದುಕೊಂಡು ಬಂದ. ಕುಷ್ಟಗಿಯ ಒಬ್ಬ ವ್ಯಾಪಾರಿ ತಾನು ಮಾಡಿಸಿದ ಶೇಂಗಾ ಚಟ್ನಿಯನ್ನು ಅಂಗಡಿಗೆ ಹಾಕುವ ಮೊದಲು ತಾನಾಗಿಯೇ ಪರೀಕ್ಷೆಗೆ ಕಳಿಸಿದ್ದ. ಜಾಗರೂಕ ಮನುಷ್ಯ. ಡಬ್ಬಿ ತೆರೆದರೆ ತಳದಲ್ಲಿ ಒಂದು ಹಿಡಿ ಚಟ್ನಿ ಉಳಿದಿತ್ತು.

“ಉಳಿದದ್ದು ಎಲ್ಲಿ?” ಎಂದು ನಾನು ಕೇಳಿದೆ.

ಕಂಡಕ್ಟರ್ ಮುಚ್ಚಿಡುವ ಮನುಷ್ಯನಲ್ಲ. “ಘಮಾ ಘಮಾ ಅಂತಿತ್ರಿ ಸರ. ನಾ ಒಂದು ಚಿಟಿಕಿ ತಿಂದೆ. ಹಿಂದಿನ ಸೀಟಿನ್ಯಾಕಿ ರೊಟ್ಟಿ ಗಂಟು ಬಿಚ್ಚಿದ್ಲು. ಹನ್ನೊಂದು ಮಂದಿ ತಿಂದೀವ್ರಿ. ಕುಷ್ಟಗಿ ಬಿಟ್ಟು ಇಲ್ಲೀತನಕಾ ಯಾರಿಗೂ ಏನೂ ಆಗಿಲ್ಲ. ಪಾಸ್ ಅಂತ ಬರಕೊಂಡು ಬಿಡ್ರಿ, ನೊಣಕ್ಕ ಯಾಕ ತ್ರಾಸು?”

ನಾನು ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಅವನನ್ನು ತೀರಾ ಗಂಭೀರವಾಗಿ ಕೇಳಿದರು: “ಎಲ್ಲಾ ಸರಿಯಪ್ಪ, ಕಂಟ್ರೋಲ್ ಎಲ್ಲಿ? ಬಸ್ಸಿನಲ್ಲಿ ಚಟ್ನಿ ತಿನ್ನದೇ ಇದ್ದವರು ಯಾರಾದರೂ ಇದ್ದರೇನು?”

“ಡ್ರೈವರ್ ತಿಂದಿಲ್ರಿ.”

“ಅವರು ಆರೋಗ್ಯವಾಗಿದ್ದಾರೆ ತಾನೆ?”

ಕಂಡಕ್ಟರ್ ತಲೆ ಕೆರೆದುಕೊಂಡ. “ಅವನೊಬ್ಬಂದ ಹೊಟ್ಟಿ ಕೆಟ್ಟೈತ್ರಿ. ತಾವರಗೇರಾ ದಾಟಿದ ಮ್ಯಾಲ ಮೂರು ಸಲ ಬಸ್ ನಿಂದರಿಸ್ಯಾನ.”

೪. ಅಜ್ಜನ ಗುರುತು

ನೊಣ ದೊಡ್ಡವಾಗುವವರೆಗೆ ಸುಮ್ಮನಿರುವುದು ಬೇಡವೆಂದು ಸಾಹೇಬರು ಖಾಲಾರ ಮಂಡಾಳಿಗೆ ಇನ್ನೊಂದು ಪರೀಕ್ಷೆಯನ್ನೂ ಇಟ್ಟಿದ್ದರು. ಅದು ಪ್ಲೇಟಿನ ಪರೀಕ್ಷೆ. ಗಾಜಿನ ಪ್ಲೇಟಿನ ಮೇಲೆ ಒಂದು ಬಿಳಿ ಪುಡಿಯನ್ನು ನೀರಲ್ಲಿ ಕಲಸಿ ದೋಸೆ ಹಿಟ್ಟಿನಂತೆ ತೆಳ್ಳಗೆ ಬಳಿದು ಒಣಗಿಸುವುದು. ಕೆಳಗಿನ ಅಂಚಿಗೆ ತಿನಿಸಿನ ಸಾರದ ಚುಕ್ಕಿ ಇಟ್ಟು ದ್ರಾವಕದಲ್ಲಿ ನಿಲ್ಲಿಸಿದರೆ, ಅದು ಪ್ಲೇಟಿನ ಮೇಲಕ್ಕೆ ಹತ್ತುತ್ತದೆ. ಆಮೇಲೆ ಬೆಳ್ಳಿಯ ಲವಣದ ನೀರು ಸಿಂಪಡಿಸಿ ಬಿಸಿಲಿಗಿಟ್ಟರೆ, ಔಷಧಿ ಇದ್ದ ಜಾಗ ಕಪ್ಪಾಗುತ್ತದೆ. ಬೇರೇನೂ ಇಲ್ಲದಿದ್ದರೂ ಗಂಗಾವತಿಯಲ್ಲಿ ಬಿಸಿಲಿಗೆ ಕೊರತೆಯಿರಲಿಲ್ಲ.

ಖಾಲಾರ ಪ್ಲೇಟನ್ನು ಅಂಗಳದಿಂದ ಎತ್ತಿಕೊಂಡವನು ನಾನೇ. ಮೇಲಿನ ಭಾಗದಲ್ಲಿ ಒಂದು ಕಪ್ಪು ಕಲೆ, ಹುಣಸೆ ಬೀಜದಷ್ಟು ದೊಡ್ಡದು. ಹೊರಗೆ ಕಟ್ಟೆಯ ಮೇಲೆ ಖಾಲಾ ಕೂತಿದ್ದರು. ಅವರಿಗೆ ಏನು ಹೇಳುವುದು ಎಂದು ತಿಳಿಯದೆ ಪ್ಲೇಟನ್ನು ಬೆನ್ನ ಹಿಂದೆ ಹಿಡಿದುಕೊಂಡು ಸಾಹೇಬರ ಬಳಿ ಹೋದೆ.

ಸಾಹೇಬರು ಉಳಿದ ಪ್ಲೇಟುಗಳನ್ನೂ ತರಿಸಿದರು. ಕೊಪ್ಪಳದ ಖಾರಪುಡಿಯ ಪ್ಲೇಟಿನಲ್ಲೂ ಅದೇ ಕಲೆ, ಅದೇ ಜಾಗದಲ್ಲಿ. ಯಲಬುರ್ಗಾದ ಎಣ್ಣೆಗೂ ಅದೇ. ಯಾವ ಸಾರವನ್ನೂ ಇಡದ ಖಾಲಿ ಪ್ಲೇಟಿನಲ್ಲೂ ಅದೇ. ಅವರು ಭೂತಗನ್ನಡಿ ಹಿಡಿದು ನೋಡಿ, “ಈ ವಿಷಕ್ಕೆ ಗೆರೆಗಳಿವೆಯಲ್ಲಯ್ಯಾ” ಎಂದು ಅಜ್ಜನನ್ನು ಕರೆದರು.

ಆ ಲವಣದ ನೀರಿಗೆ ಉಪ್ಪು ತಗುಲಿದರೂ ಸಾಕು, ಕಪ್ಪಾಗುತ್ತದೆ. ಅಜ್ಜ ಮಧ್ಯಾಹ್ನ ರೊಟ್ಟಿಯ ಜೊತೆ ಉಪ್ಪಿನಕಾಯಿ ತಿಂದು, ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು, ಪ್ಲೇಟುಗಳನ್ನು ಒಂದೊಂದಾಗಿ ಅಂಗಳಕ್ಕೆ ಸಾಗಿಸಿದ್ದ. ಎಲ್ಲವನ್ನೂ ತೊಳೆದು, ಹೊಸದಾಗಿ ಬಳಿದು ಮಾಡಿದಾಗ ಖಾಲಾರ ಪ್ಲೇಟು ಬೆಳ್ಳಗೆ ಸ್ವಚ್ಛವಾಗಿ ಬಂತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಸಾಹೇಬರು, “ತೀರಾ ಸ್ವಲ್ಪ ಇದ್ದರೆ ಪ್ಲೇಟಿಗೆ ಕಾಣೋದಿಲ್ಲ, ನೊಣಕ್ಕೆ ಗೊತ್ತಾಗುತ್ತೆ. ನೊಣ ಹೇಳಿದ ಮೇಲೆಯೇ ನಾನು ಸಹಿ ಹಾಕೋದು” ಎಂದರು.

ಅಜ್ಜನಿಗೆ ಮಾತ್ರ ಬಹಳ ಅವಮಾನವಾಗಿತ್ತು. ಸಂಜೆಯವರೆಗೂ ತನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತ ಕೂತಿದ್ದು, ಕೊನೆಗೆ ಅಂದ: “ಹಾಜರಿ ಪುಸ್ತಕದಾಗ ಹೆಬ್ಬೆಟ್ಟು ಒತ್ತಬಾರದಂತ ಈ ವಯಸ್ಸಿನಾಗ ಅಕ್ಷರಾ ಕಲ್ತು ಸಹಿ ಮಾಡಾಕ ಹತ್ತೀನ್ರಿ ಸಾಹೇಬ್ರ. ಇಲ್ಲಿ ಬಂದು ಎಲ್ಲಾದಕ್ಕೂ ಒತ್ತಿಬಿಟ್ಟಿದ್ನಲ್ರಿ!”

೫. ಅಜ್ಜ ಮಾಡಿಸಿದ ಸ್ವಚ್ಛತೆ

ಕೊನೆಗೂ ನೊಣಗಳಿಗೆ ನಾಲ್ಕು ದಿನ ತುಂಬಿತು. ಖಾಲಾರ ಕಣ್ಣೆದುರಿಗೇ ನಾನು ಅವರ ಮಂಡಾಳಿನ ಭರಣಿಗೆ ಇಪ್ಪತ್ತು ನೊಣ ಬಿಟ್ಟೆ, ಕಂಟ್ರೋಲ್ ಭರಣಿಗೂ ಇಪ್ಪತ್ತು ಬಿಟ್ಟೆ. ಖಾಲಾ ಬಟ್ಟೆಯ ಹೊರಗಿನಿಂದ ಅವಕ್ಕೆ ಸಣ್ಣ ದನಿಯಲ್ಲಿ ಏನೋ ಹೇಳಿ ಮನೆಗೆ ಹೋದರು. ಸಂಜೆ ಸಾಹೇಬರೂ ನಾನೂ ಹೊರಟೆವು. ಬಾಗಿಲು ಹಾಕುವ ಕೆಲಸ ಅಜ್ಜನದು.

ಬೆಳಿಗ್ಗೆ ನಾನು ಬರುವ ಹೊತ್ತಿಗೆ ಖಾಲಾ ಕಟ್ಟೆಯ ಮೇಲೆ ಇದ್ದರು. ಒಳಗೆ ಹೋದ ಕೂಡಲೇ ಏನೋ ತಪ್ಪಿದೆ ಅನ್ನಿಸಿತು. ಸದಾ ಗುಂಯ್‌ಗುಡುತ್ತಿದ್ದ ಕೋಣೆ ಸುಮ್ಮನಿತ್ತು. ಅವರ ಭರಣಿ ಎತ್ತಿ ನೋಡಿದೆ. ಇಪ್ಪತ್ತೂ ನೊಣ ಕಾಲು ಮೇಲೆ ಮಾಡಿಕೊಂಡು ತಳದಲ್ಲಿ ಬಿದ್ದಿದ್ದವು.

ಖಾಲಾ ನನ್ನ ಬೆನ್ನ ಹಿಂದೆಯೇ ಬಂದಿದ್ದರು. ನೆಲದ ಮೇಲೆ ಕೂತುಬಿಟ್ಟರು. “ಮುಗೀತು ಬೇಟಾ. ಆ ಮೂವರು ಹೆಂಗಸರಿಗೆ ನಾ ಏನಂತ ಹೇಳ್ಲಿ?” ಎಂದರು. ನನಗೆ ಅಷ್ಟು ದಿನ ಅವರ ಜೊತೆ ನಗುತ್ತ ಮಾತಾಡಿದ್ದೇ ತಪ್ಪೇನೋ ಅನ್ನಿಸಿತು.

ಅಷ್ಟರಲ್ಲಿ ಸಾಹೇಬರು ಬಂದರು. ಅವರು ಖಾಲಾರ ಭರಣಿಯನ್ನು ಮುಟ್ಟಲೂ ಇಲ್ಲ, ನೇರವಾಗಿ ಕಂಟ್ರೋಲ್ ಭರಣಿ ಎತ್ತಿದರು. ಅದರಲ್ಲೂ ಇಪ್ಪತ್ತು ಸತ್ತಿದ್ದವು. ಪಂಜರದ ಬಟ್ಟೆ ಸರಿಸಿದರು. ನಮ್ಮ ಇಡೀ ಸಂಸಾರವೇ ಸತ್ತು ಬಿದ್ದಿತ್ತು.

“ಏಳಮ್ಮ, ಏಳಿ. ಇದು ನಿಮ್ಮ ಮಂಡಾಳಿನ ಕೆಲಸ ಅಲ್ಲ” ಎಂದು ಖಾಲಾರನ್ನು ಎಬ್ಬಿಸಿ, ಸುತ್ತಲೂ ಮೂಸಿ ನೋಡಿದರು. ಆಗ ನನ್ನ ಕಣ್ಣಿಗೆ ಬಾಗಿಲ ಪಕ್ಕದ ಗೋಡೆ ಬಿತ್ತು. ಕೆಂಪು ಮಣ್ಣಿನಲ್ಲಿ ಡಿಡಿಟಿ ಎಂದು ಬರೆದು, ಕೆಳಗೆ ಹಿಂದಿನ ದಿನದ ತಾರೀಖು ಹಾಕಿತ್ತು. ಮಲೇರಿಯಾ ಔಷಧಿ ಹೊಡೆಯುವವರು ಮನೆ ಮನೆಗೆ ಹೊಡೆದು ಹೀಗೆ ಗುರುತು ಹಾಕಿ ಹೋಗುತ್ತಿದ್ದರು.

ಅಜ್ಜ ಮೂಲೆಯಲ್ಲಿ ಹೊಸ ಟವೆಲ್ಲು ಹಾಕಿಕೊಂಡು ಶಿಸ್ತಾಗಿ ನಿಂತಿದ್ದ. “ನಾನ ಕರಸಿದ್ದೆ ಸಾಹೇಬ್ರ. ಓಣ್ಯಾಗ ಹೊಡ್ಯಾಕ ಹತ್ತಿದ್ರು, ನಮ್ಮಲ್ಲೂ ಎರಡೆರಡು ಸಲ ಹೊಡ್ರಿ ಅಂದೆ. ಇವತ್ತ ರಾಯಚೂರಿನಿಂದ ದೊಡ್ಡ ಸಾಹೇಬ್ರು ಬರೋರದಾರ. ಅಂಥಾ ದೊಡ್ಡ ಮನುಷ್ಯಾರು ಬಂದಾಗ ಆಫೀಸಿನ್ಯಾಗ ನೊಣ ಹಾರ್ಯಾಡಿದ್ರ ಮರ್ಯಾದಿ ಉಳೀತೈತೇನ್ರಿ?”

ಸಾಹೇಬರು ಅವನಿಗೆ ಏನು ಹೇಳಬೇಕೆಂದು ಬಾಯಿ ತೆರೆದರೋ ಗೊತ್ತಿಲ್ಲ, ಅಷ್ಟರಲ್ಲಿ ಆಗ ನಮ್ಮ ಜಿಲ್ಲಾ ಕೇಂದ್ರವಾಗಿದ್ದ ರಾಯಚೂರಿನ ಜೀಪು ಬಂದು ನಿಂತಿತು. ದೊಡ್ಡ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ನಡೆದು, ತಪಾಸಣೆ ಪುಸ್ತಕ ತರಿಸಿಕೊಂಡು, ನಮ್ಮ ಪ್ರಯೋಗಾಲಯದ ಚರಿತ್ರೆಯಲ್ಲೇ ಮೊದಲ ಮೆಚ್ಚುಗೆಯ ಮಾತು ಬರೆದರು: ‘ಅತ್ಯಂತ ಸ್ವಚ್ಛ. ಎಲ್ಲಿಯೂ ಒಂದೇ ಒಂದು ನೊಣ ಕಾಣಲಿಲ್ಲ.’

೬. ಇಪ್ಪತ್ತು ಸಾಕ್ಷಿಗಳು

ಹೊಗಳಿಕೆಯೇನೋ ಬಂತು, ನೊಣ ಇರಲಿಲ್ಲ. ನೊಣವಿಲ್ಲದೆ ರಿಪೋರ್ಟಿಲ್ಲ, ರಿಪೋರ್ಟಿಲ್ಲದೆ ಖಾಲಾರ ಬೀಗ ತೆಗೆಯುವ ಹಾಗಿಲ್ಲ. ಬೇರೆ ಊರಿನಿಂದ ನೊಣದ ಬೀಜ ತರಿಸಲು ಕಾಗದ ಬರೆದರೆ, ಅದು ಯಂತ್ರದ ಕಾಗದದ ಗತಿಯನ್ನೇ ಕಾಣುತ್ತದೆ ಎಂದು ಸಾಹೇಬರಿಗೂ ಗೊತ್ತಿತ್ತು. ಅವರು ತಲೆ ಮೇಲೆ ಕೈ ಹೊತ್ತು ಕೂತರು.

ಮರುದಿನ ಮಧ್ಯಾಹ್ನ ಖಾಲಾ ಮತ್ತು ಅವರ ತಂಗಿ ಬಾಯಿಗೆ ಬಟ್ಟೆ ಕಟ್ಟಿದ ಒಂದು ದೊಡ್ಡ ಡಬ್ಬಿಯನ್ನು ಜೋಪಾನವಾಗಿ ಹಿಡಿದುಕೊಂಡು ಬಂದರು. ಡಬ್ಬಿ ಗುಂಯ್‌ಗುಡುತ್ತಿತ್ತು. ಆಡಿನ ಕೊಟ್ಟಿಗೆಯಲ್ಲಿ ಬೆಲ್ಲ ಇಟ್ಟು, ಹಿಂದಿನ ದಿನವೆಲ್ಲ ಕೂತು ಇಬ್ಬರೂ ನೊಣ ಹಿಡಿದಿದ್ದರು.

“ನಿಮ್ಮವು ಸತ್ತುವಲ್ಲ ಸಾಬ್, ನಮ್ಮ ಮನಿಯವನ್ನ ತಂದೀನಿ. ಭಾಳ ಗಟ್ಟಿ ಅದಾವು” ಎಂದರು ಖಾಲಾ.

ಸಾಹೇಬರ ಮುಖ ನೋಡಬೇಕಿತ್ತು. ಕನಿಕರವೂ ನಿಯಮವೂ ಅವರೊಳಗೆ ಜಗಳಕ್ಕೆ ಬಿದ್ದಿದ್ದವು. “ಅಮ್ಮಾ, ನಿಮ್ಮ ಮೇಲಿನ ದೂರಿಗೆ ನಿಮ್ಮ ಮನೆ ನೊಣವನ್ನೇ ಸಾಕ್ಷಿಗೆ ನಿಲ್ಲಿಸಿದರೆ ನಾಳೆ ಇನ್ಸ್‌ಪೆಕ್ಟರ್ ಒಪ್ಪುತ್ತಾರೇನು?” ಎಂದು ಯೋಚಿಸುತ್ತ ಅತ್ತಿಂದಿತ್ತ ಓಡಾಡಿದರು. ಕೊನೆಗೆ ಅವರೇ ದಾರಿ ಹುಡುಕಿದರು. ಖಾಲಾ ತಂದ ನೊಣ ಪಂಜರದಲ್ಲಿ ಮೊಟ್ಟೆ ಇಡಲಿ, ಆ ಮೊಟ್ಟೆಯಿಂದ ಬಂದವು ನಮ್ಮಲ್ಲೇ ಹುಟ್ಟಿ, ನಮ್ಮ ಹಾಲು ಕುಡಿದು ಬೆಳೆದವು. ಅವು ಸರಕಾರದವು, ಯಾರ ಪಕ್ಷದವೂ ಅಲ್ಲ.

ಔಷಧಿ ಹೊಡೆದ ಕೋಣೆ, ಹಳೆಯ ಪಂಜರ ಎರಡೂ ಬೇಡವೆಂದು ಸಾಹೇಬರ ಮನೆಯ ಹಿಂದಿನ ಪಡಸಾಲೆಯಲ್ಲಿ ಹೊಸ ಪಂಜರ ಇಟ್ಟೆವು. ಅಜ್ಜ ತಾನು ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಕೋಲು ಹಿಡಿದು ಪಂಜರದ ಮುಂದೆ ಕಾವಲು ಕೂತ. ಮಲೇರಿಯಾದವರಿರಲಿ, ಕಸಬರಿಗೆ ಹಿಡಿದು ಬಂದ ಸಾಹೇಬರ ಹೆಂಡತಿಯನ್ನೂ ಆ ಕಡೆ ಸುಳಿಯಗೊಡಲಿಲ್ಲ. ಮೊಟ್ಟೆ ಮರಿಯಾಗಿ, ಮರಿ ನೊಣವಾಗಿ, ನಾಲ್ಕು ದಿನ ತುಂಬುವ ಹೊತ್ತಿಗೆ ಹದಿನೈದು ದಿನ ಮೀರಿತು. ಅಷ್ಟು ದಿನವೂ ಭಟ್ಟಿಯ ಬೀಗ ಹಾಗೇ ಇತ್ತು. ಖಾಲಾರ ಕೆನ್ನೆ ಒಳಗೆ ಹೋಗಿದ್ದು ನನಗೆ ಕಾಣುತ್ತಿತ್ತು. ಕೇಳಿದರೆ, “ಏನಿಲ್ಲ ಬೇಟಾ, ಭಟ್ಟಿ ಮುಂದ ಕುಂತು ಅಭ್ಯಾಸ, ಸುಮ್ನ ಕುಂತ್ರ ಮೈ ಇಳೀತೈತಿ” ಎನ್ನುತ್ತಿದ್ದರು.

ಹೊಸ ಭರಣಿ ತೊಳೆದು, ಮತ್ತೆ ಸಾರ ತೆಗೆದು, ಮತ್ತೆ ಇಪ್ಪತ್ತು ಇಪ್ಪತ್ತು ನೊಣ ಬಿಟ್ಟೆವು. ಈ ಸಲ ಬಿಎಚ್‌ಸಿ ಬೇಕೆಂದೇ ಹಾಕಿದ ಮೂರನೆಯ ಭರಣಿಯೂ ಇತ್ತು, ನೊಣಗಳಿಗೆ ವಿಷ ತಾಗುತ್ತದೋ ಇಲ್ಲವೋ ನೋಡಲು. ಮರುದಿನ ಬೆಳಿಗ್ಗೆ ಸಾಹೇಬರು, ಅಜ್ಜ, ಖಾಲಾ, ನಾನು ನಾಲ್ವರೂ ಪಡಸಾಲೆಯಲ್ಲಿ ಬಗ್ಗಿ ನಿಂತೆವು. ಬಿಎಚ್‌ಸಿ ಭರಣಿಯಲ್ಲಿ ಎಲ್ಲವೂ ಸತ್ತಿದ್ದವು. ಕಂಟ್ರೋಲಿನಲ್ಲಿ ಎಲ್ಲವೂ ಬದುಕಿದ್ದವು. ಖಾಲಾರ ಭರಣಿಯ ನೊಣಗಳಂತೂ ಒಂದರ ಮೇಲೊಂದು ಹತ್ತಿ ಕುಸ್ತಿ ಆಡುತ್ತಿದ್ದವು.

“ಏಕ್, ದೋ, ತೀನ್” ಎಂದು ಖಾಲಾ ಬೆರಳು ಮುಟ್ಟಿಸಿ ಮುಟ್ಟಿಸಿ ಎಣಿಸಿದರು. ಎರಡನೇ ಸಲವೂ ಎಣಿಸಿದರು. “ಇಪ್ಪತ್ತೂ ಜಿಂದಾ ಅದಾವು ಸಾಬ್!” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಜ್ಜನೂ ಅತ್ತ. ನಾನು ಅಳಲಿಲ್ಲ ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ, ಅದು ಸುಳ್ಳು. ಸಾಹೇಬರು ಅಲ್ಲೇ ಕೂತು, ಔಷಧಿಯ ಅಂಶ ಕಂಡುಬಂದಿಲ್ಲ ಎಂದು ರಿಪೋರ್ಟು ಬರೆದು ಸಹಿ ಹಾಕಿದರು. ವಾಸನೆ ಬಂದಿದ್ದು ದೂರು ಕೊಟ್ಟವನದೇ ಚೀಲದಿಂದ, ಅವನು ಅದರಲ್ಲಿ ಹಿಂದೆ ಔಷಧಿ ಪುಡಿ ತುಂಬಿಟ್ಟಿದ್ದ ಎಂದು ಆಮೇಲೆ ತಿಳಿಯಿತು.

ಇನ್ಸ್‌ಪೆಕ್ಟರೇ ಬಂದು ಅರಗು ಒಡೆದು ಬೀಗ ತೆಗೆದರು. ಭಟ್ಟಿ ಮತ್ತೆ ಹೊತ್ತಿಕೊಂಡಿತು. ಮೂವರು ಹೆಂಗಸರೂ ಕೆಲಸಕ್ಕೆ ಬಂದರು.

ಒಂದು ವಾರ ಬಿಟ್ಟು ನಾನು ಮಂಡಾಳು ತರಲೆಂದು ಅಲ್ಲಿಗೆ ಹೋಗಿದ್ದೆ. ಖಾಲಾ ಬುಟ್ಟಿಯ ಪಕ್ಕ ಮಹಾರಾಣಿಯಂತೆ ಕೂತಿದ್ದರು. ಬುಟ್ಟಿಯ ಮೇಲೆ ನೊಣಗಳು ಆರಾಮಾಗಿ ಓಡಾಡುತ್ತಿದ್ದವು. ಬೀಸಣಿಗೆ ಮಡಿಲಲ್ಲೇ ಇದ್ದರೂ ಅವರು ಬೀಸುತ್ತಿರಲಿಲ್ಲ. ಯಾರೋ ಗಿರಾಕಿ ಮುಖ ಸಿಂಡರಿಸಿದ್ದಕ್ಕೆ, “ಕುಂದರ್ಲಿ ಬಿಡ್ರಿ. ನನ್ನ ಇಜ್ಜತ್ ಉಳಿಸ್ಯಾವು. ಇವು ಬಂದು ಕುಂತು, ಎದ್ದು ಹಾರಿ ಹೋಗ್ತಾವಂದ್ರ ಮಾಲು ಪಾಸ್ ಅಂತ ಅರ್ಥ” ಎನ್ನುತ್ತಿದ್ದರು. ಗಿರಾಕಿಗೂ ಮಾತು ಸರಿ ಕಂಡಿತೋ ಏನೋ, ಎರಡು ಸೇರು ಹೆಚ್ಚಿಗೆ ಅಳೆಸಿಕೊಂಡ.

ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್ ಬಂದರು. ಬುಟ್ಟಿ ನೋಡಿದ್ದೇ ತಡ, ಅವರ ಹುಬ್ಬು ಮೇಲೆ ಹೋಯಿತು. ಕಿಸೆಯಿಂದ ಪೆನ್ನು, ಚೀಲದಿಂದ ನೋಟಿಸ್ ಪುಸ್ತಕ ಹೊರಬಂತು.

“ಏನಿದು ಖಾಲಾ? ತಿನ್ನೋ ಪದಾರ್ಥದ ಮ್ಯಾಲ ಇಷ್ಟು ನೊಣ! ನಿಯಮದ ಪ್ರಕಾರ ಭಟ್ಟಿ ಬಂದ್ ಮಾಡಬೇಕಾಗ್ತೈತಿ ನೋಡ್ರಿ.”

ನಾನು ಗಾಬರಿಯಿಂದ ಮುಂದೆ ಬಂದೆ. ಖಾಲಾ ಮಾತ್ರ ಕೂತಲ್ಲಿಂದ ಏಳಲಿಲ್ಲ. ಕಾದ ಮರಳಿನ ಮುಂದೆ ಮೂವತ್ತು ವರ್ಷ ಕೂತ ಹೆಂಗಸು, ಪೆನ್ನಿಗೆ ಹೆದರುತ್ತಾರೆಯೇ?

“ಇನ್ಸ್‌ಪೆಕ್ಟರ್ ಸಾಬ್, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹೋದ ತಿಂಗಳು ನನ್ನ ಮಂಡಾಳಿಗೆ ನೊಣ ಸತ್ರ ಭಟ್ಟಿ ಬಂದ್ ಅಂದ್ರಿ. ಈ ತಿಂಗಳು ನೊಣ ಬದುಕ್ಯಾವು ಅಂತ ಭಟ್ಟಿ ಬಂದ್ ಅಂತೀರಿ. ನಿಮ್ಮ ಸರಕಾರ ಕುಂತು ಒಂದ ಹೇಳ್ಲಿ. ನೊಣ ಸಾಯಬೇಕೋ, ಬದುಕಬೇಕೋ?”

ಇನ್ಸ್‌ಪೆಕ್ಟರ್ ಪೆನ್ನಿನ ತುದಿಯಿಂದ ಹಣೆ ಕೆರೆದುಕೊಂಡರು. ಅವರ ಮೀಸೆಯ ಒಂದು ತುದಿ ಅಲುಗಿತು, ಇನ್ನೊಂದು ತುದಿಯೂ ಅಲುಗಿತು, ಆಮೇಲೆ ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕಿದ್ದನ್ನು ಗಂಗಾವತಿ ಮೊದಲ ಸಲ ನೋಡಿತು. ನೋಟಿಸ್ ಪುಸ್ತಕ ಚೀಲಕ್ಕೆ ಹಾಕಿ, “ಒಂದು ತೆಳ್ಳನ ಬಟ್ಟಿ ಹೊಚ್ಚಿ ಇಡ್ರಿ ಖಾಲಾ, ಅಷ್ಟ ಸಾಕು” ಎಂದರು.

“ಹೊಚ್ತೀನಿ ಸಾಬ್, ನಿಮ್ಮ ಮಾತು ಮೀರಂಗಿಲ್ಲ” ಎಂದು ಖಾಲಾ ಬಟ್ಟೆ ಜಾಡಿಸಿ ಬುಟ್ಟಿಗೆ ಹೊದಿಸಿದರು. ಹೊದಿಸಿದವರು ಒಂದು ಮೂಲೆ ಎತ್ತಿ ಒಳಗೆ ಇಣುಕಿ ನೋಡಿ ಹೇಳಿದರು: “ಆದ್ರ ಒಂದಿಪ್ಪತ್ತು ಒಳಗ ಇರ್ಲಿ. ನಾಳೆ ನೀವು ಮತ್ತ ಬೀಗ ತಗೊಂಡು ಬಂದ್ರ ಸಾಕ್ಷಿಗೆ ಎಲ್ಲಿ ಹುಡುಕ್ಲಿ?”